ಎದುರುಬದುರಿನ ಎರಡು ಕೋಣೆಗಳು

ದಿಲ್ಲಿಗೆ ಬಂದ ಮೇಲೆ ಕೆಲಸದ ನಿಮಿತ್ತ ದರಿಯಾಗಂಜ್‌ನ ಅನ್ಸಾರಿ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಎರಡೂ ಕಡೆ ಪುಸ್ತಕ ಪ್ರಕಾಶಕರ ಕಚೇರಿಗಳು, ಪುಸ್ತಕದ ಕಟ್ಟುಗಳನ್ನು ಹೇರಿಕೊಂಡ ಸೈಕಲ್ ರಿಕ್ಷಾಗಳು, ತಲೆಯ ಮೇಲೆ ಜೋತಾಡುವ ವೈರುಗಳು. ಆ ರಸ್ತೆಯ ಹೆಸರಿನ ಹಿಂದಿರುವ ಡಾ. ಮುಖ್ತಾರ್ ಅಹ್ಮದ್ ಅನ್ಸಾರಿ 1927ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದವರು. ಅವರ ಮನೆ ದಾರುಸ್ಸಲಾಂ ಇದೇ ದರಿಯಾಗಂಜ್‌ನಲ್ಲಿತ್ತು. 1935ರ ಆರಂಭದಲ್ಲಿ ಟರ್ಕಿಯಿಂದ ದೇಶಬಿಟ್ಟು ಪ್ಯಾರಿಸ್ಸಿನಲ್ಲಿದ್ದ ಒಬ್ಬ ಹೆಂಗಸು ಅಲ್ಲಿಗೆ ಅತಿಥಿಯಾಗಿ ಬಂದರು. ಜಾಮಿಯಾ ಮಿಲಿಯಾದ ಆಹ್ವಾನದ ಮೇಲೆ ಅವರು ಕೊಟ್ಟ ಉಪನ್ಯಾಸಗಳ ಪೈಕಿ ಒಂದಕ್ಕೆ ಗಾಂಧೀಜಿಯೇ ಅಧ್ಯಕ್ಷರಾಗಿ ಕೂತಿದ್ದರು. ಹೆಸರು ಹಲಿದೆ ಎದಿಬ್.

ಟರ್ಕಿಯಲ್ಲಿ ಅವರ ಹೆಸರು ಗೊತ್ತಿಲ್ಲದ ಶಾಲೆ ಮಕ್ಕಳಿಲ್ಲ. ಕಾದಂಬರಿಗಾರ್ತಿ, ಸ್ವಾತಂತ್ರ್ಯ ಸಮರದಲ್ಲಿ ಸೈನ್ಯದ ಸಮವಸ್ತ್ರ ತೊಟ್ಟವರು, ಪ್ರಾಧ್ಯಾಪಕಿ, ಸಂಸದೆ. ನನ್ನನ್ನು ಹಿಡಿದದ್ದು ಮಾತ್ರ ಇವು ಯಾವುವೂ ಅಲ್ಲ. 1926ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ನೆನಪಿನ ಪುಸ್ತಕದಲ್ಲಿ, ಅಪ್ಪನ ಇಬ್ಬರು ಹೆಂಡಿರ ಮನೆಯ ಬಗ್ಗೆ ಬರೆದ ಕೆಲವೇ ಪುಟಗಳಿವೆ. ಒಬ್ಬ ಹುಡುಗಿ ಮನೆಯೊಳಗೆ ಕಂಡದ್ದು ಅವಳ ಮುಂದಿನ ಬದುಕನ್ನು ಎಷ್ಟರ ಮಟ್ಟಿಗೆ ತಿರುಗಿಸಬಹುದು ಎಂದು ಆ ಪುಟಗಳನ್ನು ಓದಿದಾಗ ನನಗೆ ಹೊಳೆಯಿತು. ಟರ್ಕಿಯ ಸಂಸಾರ ಎಂದರೇನು, ಅದರೊಳಗೆ ಯಾರ ಜಾಗ ಎಲ್ಲಿ ಎಂಬುದಕ್ಕೆ ಅವರ ಬದುಕಿಗಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಹಲಿದೆ ಹುಟ್ಟಿದ್ದು 1884ರಲ್ಲಿ, ಇಸ್ತಾಂಬುಲ್‌ನಲ್ಲಿ. ಅಪ್ಪ ಮೆಹ್ಮೆದ್ ಎದಿಬ್ ಬೇ, ಸುಲ್ತಾನ್ ಎರಡನೇ ಅಬ್ದುಲ್ ಹಮೀದನ ಖಾಸಗಿ ಖಜಾನೆಯಲ್ಲಿ ಕಾರ್ಯದರ್ಶಿ. ತಾಯಿ ಕ್ಷಯದಿಂದ ತೀರಿಕೊಂಡಾಗ ಮಗು ಇನ್ನೂ ತೀರಾ ಚಿಕ್ಕದು. ಹಾಗಾಗಿ ಅವಳು ಬೆಳೆದದ್ದು ಬಹುಮಟ್ಟಿಗೆ ಅಜ್ಜಿ ನಕಿಯೆ ಹಾನಿಮ್ ಮಡಿಲಲ್ಲಿ, ಬೆಶಿಕ್ತಾಶ್ ಬಡಾವಣೆಯ ಒಂದು ಹಳೇ ಮನೆಯಲ್ಲಿ. ಆ ಮನೆಯ ಗೋಡೆಯನ್ನು ನೇರಳೆ ಹೂಗೊಂಚಲಿನ ಬಳ್ಳಿ ಮುಚ್ಚಿತ್ತು.

ಆ ಕಾಲದ ಇಸ್ತಾಂಬುಲ್‌ನ ಅನುಕೂಲಸ್ಥರ ಮನೆಗೆ ಎರಡು ಭಾಗ. ಗಂಡಸರು ಕೂರುವ, ಹೊರಗಿನವರು ಬಂದುಹೋಗುವ ಕಡೆಗೆ ಸೆಲಾಮ್ಲಿಕ್. ಹೆಂಗಸರು, ಮಕ್ಕಳು, ಹತ್ತಿರದ ನಂಟರು ಇರುವ ಕಡೆಗೆ ಹರೆಮ್ಲಿಕ್. ಹರೆಮ್ ಎಂದ ಕೂಡಲೇ ನಮಗೆ ಸಿನಿಮಾದ ಸುಲ್ತಾನ ನೆನಪಾಗುತ್ತಾನೆ. ನಿಜದಲ್ಲಿ ಅದು ನಮ್ಮ ಹಳೇ ತೊಟ್ಟಿಮನೆಗಳ ಒಳಹಜಾರದ ಹಾಗೆ. ಅಜ್ಜಿ, ವಿಧವೆ ಅತ್ತೆ, ಆಶ್ರಯ ಬೇಡಿ ಬಂದ ದೂರದ ನೆಂಟಳು, ಮಗುವಿಗೆ ಹಾಲು ಕೊಟ್ಟ ದಾದಿ, ಅಡಿಗೆಯವಳು, ಎಲ್ಲರೂ ಅಲ್ಲೇ. ಮಗುವನ್ನು ಹೊರಗೆ ತಿರುಗಾಡಿಸಲು, ಕಥೆ ಹೇಳಲು ಲಾಲಾ ಎಂಬ ಗಂಡಾಳು. ಹಲಿದೆಯ ಲಾಲಾ ಅಹ್ಮೆತ್ ಆಗಾ ಅನತೋಲಿಯಾದ ಹಳ್ಳಿಯವನು. ವೀರರ ಕಥೆಗಳನ್ನು, ಜನರ ಸರಳ ಟರ್ಕಿಶ್ ನುಡಿಯನ್ನು ಅವಳು ಕಲಿತದ್ದು ಅವನಿಂದ. ಆ ಮನೆಗಳಲ್ಲಿ ಗುಲಾಮರೂ ಇರುತ್ತಿದ್ದರು ಎಂಬುದನ್ನು ಮರೆಯಬಾರದು. ಅಬಿಸೀನಿಯಾದಿಂದ ತಂದ ರೇಶೆ ಎಂಬ ಹುಡುಗಿ ಹಲಿದೆಯ ಪಾಲಿಗೆ ಬಂದಿದ್ದಳು. ಜೊತೆಗಾರ್ತಿಯೂ ಹೌದು, ಕೊಂಡುತಂದ ಆಳೂ ಹೌದು.

ನೆನಪಿನ ಪುಸ್ತಕದ ಮೊದಲ ಭಾಗದಲ್ಲಿ ಅವರು ತಮ್ಮನ್ನು ನಾನು ಎಂದು ಕರೆದುಕೊಳ್ಳುವುದಿಲ್ಲ. ಅಲ್ಲಿ ಇರುವುದು ಒಬ್ಬ ಪುಟ್ಟ ಹುಡುಗಿ. ಒಂದು ರಾತ್ರಿ ಆ ಹುಡುಗಿ ಅಪ್ಪ ಬೇಕು ಎಂದು ಹಟ ಹಿಡಿದು ಅಳುತ್ತಾಳೆ. ಅಪ್ಪನಿಗೆ ಅರಮನೆಯಲ್ಲಿ ರಾತ್ರಿಯ ಕೆಲಸ. ಕೊನೆಗೆ ಆಳು ಅವಳನ್ನು ಎತ್ತಿಕೊಂಡು ಯಿಲ್ದಿಜ್ ಅರಮನೆಗೇ ಹೋಗುತ್ತಾನೆ. ಅನುಮಾನದ ಪಿಶಾಚಿಯಾಗಿದ್ದ ಅಬ್ದುಲ್ ಹಮೀದನ ಕಾವಲುಗಾರರು ನಡುರಾತ್ರಿ ಒಂದು ಅಳುವ ಮಗುವಿಗೆ ಬಾಗಿಲು ತೆರೆಯುತ್ತಾರೆ. ತಾಯಿಯಿಲ್ಲದ ಮಗು ಅಪ್ಪನಿಗೆ ಎಷ್ಟು ಅಂಟಿಕೊಂಡಿತ್ತು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಮುಂದೆ ಆಗುವುದಕ್ಕೆ ಇದು ಗೊತ್ತಿರಬೇಕು.

ಎದಿಬ್ ಬೇ ಹೊಸ ಕಾಲದ ಮನುಷ್ಯ. ಇಂಗ್ಲಿಷರ ರೀತಿನೀತಿ ಎಂದರೆ ಬಹಳ ಅಭಿಮಾನ. ಮಗಳಿಗೆ ಇಂಗ್ಲಿಷ್ ಮಕ್ಕಳ ಹಾಗೆ ತುಂಡು ಅಂಗಿ, ಇಂಗ್ಲಿಷ್ ಮಕ್ಕಳ ಊಟದ ಕ್ರಮ. ನೆರೆಹೊರೆಯ ಹುಡುಗಿಯರು ಬಣ್ಣಬಣ್ಣದ ರೇಷ್ಮೆ ತೊಟ್ಟು ಮಿಠಾಯಿ ತಿನ್ನುತ್ತಿದ್ದರೆ ಇವಳು ಸಪ್ಪೆ ಊಟ ಮಾಡಿಕೊಂಡು ಸಪ್ಪೆ ಬಟ್ಟೆಯಲ್ಲಿ ಇರಬೇಕು. ಮಗಳನ್ನು ಅಮೆರಿಕನ್ನರು ನಡೆಸುತ್ತಿದ್ದ ಕಾಲೇಜಿಗೆ ಸೇರಿಸಿದ್ದೂ ಅವರೇ. ಮುಸ್ಲಿಂ ಹುಡುಗಿಯರು ಅಲ್ಲಿ ಓದುವುದು ಸುಲ್ತಾನನಿಗೆ ಇಷ್ಟವಿರಲಿಲ್ಲ. ನಡುವೆ ಒಮ್ಮೆ ಬಿಡಿಸಬೇಕಾಯಿತು. ಮತ್ತೆ ಸೇರಿಸಿದರು. ಇಷ್ಟೆಲ್ಲ ಮಾಡಿದ ಆ ಅಪ್ಪನೇ ಒಬ್ಬ ಹೆಂಡತಿ ಮನೆಯಲ್ಲಿರುವಾಗ ಇನ್ನೊಬ್ಬಳನ್ನು ಮದುವೆಯಾದರು.

ಇಲ್ಲಿ ಸ್ವಲ್ಪ ಭಾಷೆಯ ಮಾತು ಬೇಕು. ಟರ್ಕಿಶ್‌ನಲ್ಲಿ ನಂಟಸ್ತಿಕೆಯ ಪದಗಳು ನಮ್ಮವುಗಳ ಹಾಗೆಯೇ ಬಿಡಿಬಿಡಿ. ಅಂಕಲ್, ಆಂಟಿ ಎಂದು ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕುವುದಿಲ್ಲ. ಅಪ್ಪನ ಅಣ್ಣತಮ್ಮಂದಿರು ಅಮ್ಜಾ, ಸೋದರಮಾವ ದಾಯಿ. ಸೋದರತ್ತೆ ಹಾಲಾ, ತಾಯಿಯ ಅಕ್ಕತಂಗಿಯರು ತೆಯ್ಜೆ. ವಾರಗಿತ್ತಿಗೆ ಎಲ್ತಿ ಎಂದು ಬೇರೆಯೇ ಪದ, ನಾದಿನಿಗೆ ಬೇರೆ, ಸವತಿಗೆ ಕುಮಾ. ಯಾರ ಮನೆಯಲ್ಲಿ ಯಾರು ಯಾರಿಗೆ ತಗ್ಗಿ ನಡೆಯಬೇಕು ಎಂಬುದು ಪದಗಳಲ್ಲೇ ಅಡಗಿದೆ. ಹಿಂದಿಗೆ ಡಬ್ ಆದ ಟರ್ಕಿ ಧಾರಾವಾಹಿಗಳನ್ನು, ಹಿಂದಿ ಅಷ್ಟಾಗಿ ಬಾರದ ನಮ್ಮ ಮನೆಯ ಹಿರಿಯರು ಒಂದು ಕಂತೂ ಬಿಡದೆ ನೋಡಿ ಅರ್ಥಮಾಡಿಕೊಳ್ಳುವುದು ಯಾಕೆ ಎಂದು ಈಗ ನನಗೆ ಆಶ್ಚರ್ಯವಿಲ್ಲ.

ಅಪ್ಪನ ಮೊದಲಿದ್ದ ಹೆಂಡತಿಯನ್ನು, ಅಂದರೆ ಮಲತಾಯಿಯನ್ನು, ಹಲಿದೆ ಕರೆಯುತ್ತಿದ್ದದ್ದು ಅಬ್ಲಾ ಎಂದು. ಅಕ್ಕ ಎಂದರ್ಥ. ಮದುವೆಯಾಗಿ ಬಂದಾಗ ಆಕೆಯೂ ಹುಡುಗಿಯೇ. ಇನ್ನೊಬ್ಬಳು ಅರಮನೆಯಲ್ಲಿ ಬೆಳೆದು ಓದುಬರಹ ಕಲಿತಿದ್ದವಳು. ಅಜ್ಜಿಯ ಮನೆಯಲ್ಲಿದ್ದುಕೊಂಡು ಹಲಿದೆಗೆ ಪಾಠ ಹೇಳಿದವಳು, ಮಗು ಬಹಳ ಹಚ್ಚಿಕೊಂಡಿದ್ದವಳು. ಅವಳು ತೆಯ್ಜೆ, ಚಿಕ್ಕಮ್ಮ. ಎದಿಬ್ ಬೇ ಎರಡನೆಯದಾಗಿ ಕೈಹಿಡಿದದ್ದು ಈ ಚಿಕ್ಕಮ್ಮನನ್ನೇ. ಓದುಗರಿಗೆ ಇಬ್ಬರೂ ಇಂದಿಗೂ ಅಕ್ಕ, ಚಿಕ್ಕಮ್ಮ ಎಂದೇ ಪರಿಚಯ.

ಎರಡು ಕೋಣೆಗಳು ಎದುರುಬದುರು. ಒಂದರಲ್ಲಿ ಅಕ್ಕ, ಇನ್ನೊಂದರಲ್ಲಿ ಚಿಕ್ಕಮ್ಮ. ಅಪ್ಪ ಸರದಿಯ ಮೇಲೆ ಒಂದೊಂದು ಕೋಣೆಗೆ ಹೋಗುತ್ತಾರೆ. ಚಿಕ್ಕಮ್ಮನ ಸರದಿಯ ದಿನ ಮನೆಯವರೆಲ್ಲ ಅಕ್ಕನ ಹತ್ತಿರ ಮೆತ್ತಗೆ ಮಾತಾಡುತ್ತಾರೆ, ಕನಿಕರ ತೋರಿಸುತ್ತಾರೆ. ಅಕ್ಕನ ಸರದಿಯ ದಿನ ಚಿಕ್ಕಮ್ಮನ ಮುಖದ ಮೇಲಿನ ದುಃಖ ಎಲ್ಲರಿಗೂ ಕಾಣುವ ಹಾಗಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಎರಡನೆಯವಳು ತಾನೇ, ತಾನಾಗಿ ಒಪ್ಪಿ ಬಂದವಳು ತಾನೇ ಎಂಬ ಧೋರಣೆ. ಇಬ್ಬರನ್ನೂ ಪ್ರೀತಿಸುತ್ತಿದ್ದ ಹುಡುಗಿ ನಡುವಿನ ಜಾಗದಲ್ಲಿ ನಿಂತು ಎರಡೂ ಬಾಗಿಲುಗಳನ್ನು ನೋಡುತ್ತಾಳೆ. ಹಬ್ಬದ ದಿನ ಹಿರಿಯರ ಕೈಗೆ ಮುತ್ತಿಡುವಂಥ ಸಣ್ಣ ಶಾಸ್ತ್ರ ಕೂಡ ಮೈನೋವಿನ ಹಾಗೆ ಆಗುತ್ತಿತ್ತು ಎಂದು ಅವರು ಬರೆಯುತ್ತಾರೆ.

ಮನೆಯ ಯಜಮಾನನೂ ಸುಖವಾಗಿರಲಿಲ್ಲ. ಹೊಸ ವಿಚಾರದವನು ಎನಿಸಿಕೊಂಡಿದ್ದ ಎದಿಬ್ ಬೇಯ ಈ ಮದುವೆಯನ್ನು ಅವರ ಗೆಳೆಯರೇ ಮೆಚ್ಚಲಿಲ್ಲ. ಚಿಕ್ಕ ವಯಸ್ಸಿನಲ್ಲಿ ತನ್ನ ಕೈಹಿಡಿದು ಬಂದ ಅಕ್ಕನಿಗೆ ಮೋಸ ಮಾಡಿದೆ ಎಂಬ ಅಳುಕು ಬೇರೆ. ಮಗಳು ಅಪ್ಪನನ್ನು ಖಳನಾಯಕನನ್ನಾಗಿ ಮಾಡಿಲ್ಲ. ಗಂಡಸಿನ ಕಳ್ಳ ಸಂಬಂಧಕ್ಕೂ ಸವತಿಗೂ ಇರುವ ವ್ಯತ್ಯಾಸವನ್ನು ಅವರು ಒಂದು ಕಡೆ ಬಿಡಿಸಿ ಇಡುತ್ತಾರೆ. ಗಂಡ ಹೊರಗೆಲ್ಲೋ ತಪ್ಪು ದಾರಿ ಹಿಡಿದರೆ ಹೆಂಡತಿಯ ನೋವು ಅವಳೊಳಗೇ ಉಳಿಯುತ್ತದೆ, ಮುಚ್ಚಿಡಬಹುದು. ಸವತಿ ಮನೆಯೊಳಗೇ ಬಂದಾಗ ಮನೆಯ ಅರ್ಧ ಅಧಿಕಾರ ಕೈಬಿಟ್ಟುಹೋಗುತ್ತದೆ. ಅವಳ ನೋವು ಬೀದಿಗೆಲ್ಲ ಗೊತ್ತಾದ ನೋವು, ನೆಂಟರಿಷ್ಟರೆಲ್ಲ ಅಯ್ಯೋ ಪಾಪ ಎನ್ನುವ ನೋವು. ಈ ಅಯ್ಯೋ ಪಾಪವೇ ಹೆಚ್ಚು ಸುಡುತ್ತದೆ ಎಂಬುದನ್ನು ಇಷ್ಟು ತಣ್ಣಗೆ ಬರೆದವರನ್ನು ನಾನು ಕಡಿಮೆ ಓದಿದ್ದೇನೆ.

ಆ ಕಾಲದಲ್ಲಿ ಟರ್ಕಿಯ ಪ್ರತಿ ಮನೆಯೂ ಹೀಗೇ ಇತ್ತೆಂದು ಯಾರೂ ತಿಳಿಯಬಾರದು. ಧರ್ಮಶಾಸ್ತ್ರ ನಾಲ್ವರವರೆಗೆ ಅವಕಾಶ ಕೊಟ್ಟಿದ್ದರೂ ಇಸ್ತಾಂಬುಲ್‌ನ ಹಳೆಯ ಜನಗಣತಿ ದಾಖಲೆಗಳನ್ನು ಕೆದಕಿದ ಇತಿಹಾಸಕಾರರಿಗೆ ಕಂಡದ್ದು ಬೇರೆ. 1885 ಮತ್ತು 1907ರ ಲೆಕ್ಕಗಳ ಪ್ರಕಾರ ಆ ನಗರದ ಮದುವೆಯಾದ ಮುಸ್ಲಿಂ ಗಂಡಸರಲ್ಲಿ ಒಂದಕ್ಕಿಂತ ಹೆಚ್ಚು ಹೆಂಡಿರಿದ್ದವರು ಶೇಕಡಾ 2ರ ಆಸುಪಾಸು ಅಷ್ಟೇ. ಮನೆಯೊಂದಕ್ಕೆ ಸರಾಸರಿ ಜನ ನಾಲ್ಕರ ಸುತ್ತಮುತ್ತ. ದೊಡ್ಡ ಕೂಡುಕುಟುಂಬ, ಇಬ್ಬರು ಮೂವರು ಹೆಂಡಿರು ಎಂಬುದೆಲ್ಲ ಅನುಕೂಲಸ್ಥರಲ್ಲಿ, ಅರಮನೆಯ ನಂಟಿರುವವರಲ್ಲಿ ಕಾಣುತ್ತಿದ್ದ ಸಂಗತಿ. ಆದರೆ ನೂರಕ್ಕೆ ಇಬ್ಬರೇ ಹಾಗೆ ಮಾಡಿದರೂ ಉಳಿದ ತೊಂಬತ್ತೆಂಟು ಮನೆಯ ಹೆಂಗಸರಿಗೆ ಅದು ಸಾಧ್ಯ ಎಂಬುದು ಗೊತ್ತಿರುತ್ತಿತ್ತಲ್ಲ. ಅಂಕಿಸಂಖ್ಯೆ ಅದನ್ನು ಹೇಳುವುದಿಲ್ಲ.

ಹಲಿದೆ 1901ರಲ್ಲಿ ಅಮೆರಿಕನ್ ಕಾಲೇಜಿನ ಪದವಿ ಪಡೆದರು. ಅಲ್ಲಿ ಪದವಿ ಮುಗಿಸಿದ ಮೊದಲ ಮುಸ್ಲಿಂ ಟರ್ಕಿ ಹುಡುಗಿ ಅವರು. ಅದಕ್ಕೂ ಮುಂಚೆ, ಇನ್ನೂ ಹುಡುಗಿಯಾಗಿದ್ದಾಗ, ಮನೆಯಲ್ಲಿ ತಾಯಿಯ ಕರ್ತವ್ಯವೇನು ಎಂಬ ಬಗ್ಗೆ ಅಮೆರಿಕದವರೊಬ್ಬರು ಬರೆದ ಪುಸ್ತಕವನ್ನು ಟರ್ಕಿಶ್‌ಗೆ ಅನುವಾದಿಸಿ ಸುಲ್ತಾನನಿಂದ ಪದಕ ಪಡೆದಿದ್ದರು. ತಾಯಿಯನ್ನು ಸರಿಯಾಗಿ ಕಾಣದ ಹುಡುಗಿ!

ಪದವಿ ಪಡೆದ ವರ್ಷವೇ ಮದುವೆ. ವರ ಸಾಲಿಹ್ ಜೆಕಿ, ತಮಗೆ ಮನೆಗೆ ಬಂದು ಗಣಿತ ಹೇಳಿಕೊಟ್ಟ ಮೇಷ್ಟ್ರು. ದೊಡ್ಡ ಗಣಿತಜ್ಞ, ಖಗೋಳ ವಿಜ್ಞಾನಿ, ಸರ್ಕಾರಿ ವೀಕ್ಷಣಾಲಯದ ಮುಖ್ಯಸ್ಥ. ವಯಸ್ಸಿನಲ್ಲಿ ಇಪ್ಪತ್ತು ವರ್ಷ ಹಿರಿಯ. ಇಂಗ್ಲಿಷ್ ಓದಿದ, ಕಾಲೇಜು ಮುಗಿಸಿದ ಹಲಿದೆ ಮದುವೆಯಾದ ಮೇಲೆ ಹಳೇ ಕಾಲದ ಗೃಹಿಣಿಯ ಹಾಗೆಯೇ ಬದುಕಿದರು. ಮನೆಯೇ ಪ್ರಪಂಚ, ಗಂಡನ ಅನುಕೂಲವೇ ದಿನಚರಿ. ಗಂಡ ಬರೆಯುತ್ತಿದ್ದ ಗಣಿತ ನಿಘಂಟಿಗೆ ಇಂಗ್ಲಿಷ್ ಗಣಿತಜ್ಞರ ಜೀವನಗಳನ್ನು ಅನುವಾದಿಸಿ ಕೊಡುತ್ತಿದ್ದರು. ಇಬ್ಬರು ಗಂಡುಮಕ್ಕಳಾದರು. 1905ರಲ್ಲಿ ಹುಟ್ಟಿದ ಎರಡನೆಯವನಿಗೆ ರಷ್ಯಾದ ನೌಕಾಪಡೆಯನ್ನು ಸೋಲಿಸಿದ ಜಪಾನಿ ಸೇನಾನಿ ಟೋಗೋ ಹೆಸರನ್ನೂ ಸೇರಿಸಿದರು. ಪಶ್ಚಿಮದವರನ್ನು ಏಷ್ಯಾದವರೊಬ್ಬರು ಸೋಲಿಸಿದ ಖುಷಿ ಇಸ್ತಾಂಬುಲ್‌ನ ತೊಟ್ಟಿಲಿಗೂ ತಲುಪಿತ್ತು.

1908ರ ಕ್ರಾಂತಿಯಾಗಿ ಪತ್ರಿಕೆಗಳಿಗೆ ಬಾಯಿ ಬಂದಾಗ ಹಲಿದೆ ತನಿನ್ ಎಂಬ ಪತ್ರಿಕೆಗೆ ಬರೆಯತೊಡಗಿದರು. ಸಹಿ ಹಲಿದೆ ಸಾಲಿಹ್ ಎಂದು, ಗಂಡನ ಹೆಸರು ಸೇರಿಸಿ. ಹೆಣ್ಣುಮಕ್ಕಳ ಓದು, ಹೆಂಗಸರ ಸ್ಥಾನಮಾನ ಇವೇ ವಿಷಯ. ಮರುವರ್ಷ ಕ್ರಾಂತಿಯ ವಿರೋಧಿಗಳು ದಂಗೆಯೆದ್ದಾಗ ಜೀವಭಯದಿಂದ ಮಕ್ಕಳನ್ನು ಕರೆದುಕೊಂಡು ಈಜಿಪ್ಟಿಗೆ, ಅಲ್ಲಿಂದ ಇಂಗ್ಲೆಂಡಿಗೆ ಹೋಗಿ ಬಂದರು.

1910ರಲ್ಲಿ ಸಾಲಿಹ್ ಜೆಕಿ ಇನ್ನೊಬ್ಬ ಹೆಂಗಸನ್ನು ಮದುವೆಯಾಗುವ ವಿಚಾರ ಎತ್ತಿದರು. ಹಲಿದೆಯನ್ನು ಬಿಡುವ ಯೋಚನೆ ಅವರಿಗಿರಲಿಲ್ಲ. ಬಿಡಬೇಕಾದ ಅಗತ್ಯವೂ ಕಾನೂನಿನ ಪ್ರಕಾರ ಇರಲಿಲ್ಲ. ಹಲಿದೆ ಮಕ್ಕಳೊಂದಿಗೆ ಅಪ್ಪ ಇದ್ದ ಯಾನ್ಯಾ ಊರಿಗೆ ಹೋದರು. ಇಂದು ಅದು ಗ್ರೀಸ್‌ನಲ್ಲಿರುವ ಊರು. ಎರಡು ಕೋಣೆಗಳ ನಡುವೆ ಓಡಾಡಿದ್ದ ಅದೇ ಅಪ್ಪನ ಮನೆಗೆ, ಸವತಿಯ ವಿಚಾರದಿಂದ ನೊಂದ ಮಗಳು ಹೋಗಿ ಕೂತಳು. ಅಲ್ಲಿ ಅಪ್ಪ ಮಗಳ ನಡುವೆ ಏನು ಮಾತಾಯಿತೋ, ಆ ದೃಶ್ಯವನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ವಾಪಸ್ ಬಂದಾಗ ಗಂಡನ ಮನಸ್ಸು ಬದಲಾಗಿರಲಿಲ್ಲ. ಹಲಿದೆ ವಿಚ್ಛೇದನ ಕೇಳಿದರು. ಆಗಿನ ಪದ್ಧತಿಯಲ್ಲಿ ಬಿಡುಗಡೆ ಕೊಡುವ ಅಧಿಕಾರ ಇದ್ದದ್ದು ಗಂಡಸಿನ ಕೈಯಲ್ಲಿ. ಒತ್ತಾಯಿಸಿ ಪಡೆದುಕೊಂಡರು. ಒಂಬತ್ತು ವರ್ಷದ ಸಂಸಾರ ಮುಗಿಯಿತು. ಅದಾದ ಮೇಲೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ನೆನಪಿನ ಪುಸ್ತಕದಲ್ಲಿ ಈ ಪ್ರಸಂಗ ಬಹಳ ಚುಟುಕು. ಅಪ್ಪನ ಮನೆಯ ಸವತಿಯರ ಬಗ್ಗೆ ಬಿಚ್ಚಿ ಬರೆದವರು ತಮ್ಮದನ್ನು ಹಾಗೆ ಬರೆಯಲಿಲ್ಲ. ಬರೆಯಬೇಕಾದ್ದನ್ನು ಆಗಲೇ ಬರೆದು ಮುಗಿಸಿದ್ದೇನೆ ಅನ್ನಿಸಿರಬೇಕು.

ಅಲ್ಲಿಂದ ಅವರು ಹಲಿದೆ ಎದಿಬ್. ಅಪ್ಪನ ಹೆಸರಿಗೆ ಮರಳಿದರು. ಹೆಣ್ಣುಮಕ್ಕಳ ಶಿಕ್ಷಕಿಯರ ಶಾಲೆಯಲ್ಲಿ ಪಾಠ, ಶಾಲೆಗಳ ತನಿಖೆ, ಕಾದಂಬರಿಗಳು, ಹೆಂಗಸರ ಸಂಘ. ಬಾಲ್ಕನ್ ಯುದ್ಧದ ವೇಳೆ ಗಾಯಾಳುಗಳ ಆರೈಕೆ. ನಮ್ಮ ಡಾ. ಅನ್ಸಾರಿ ಇಲ್ಲಿಂದ ವೈದ್ಯರ ತಂಡ ಕಟ್ಟಿಕೊಂಡು ಟರ್ಕಿಗೆ ಹೋದದ್ದೂ ಅದೇ ಯುದ್ಧಕ್ಕೆ, 1912ರ ಕೊನೆಯಲ್ಲಿ. ದರಿಯಾಗಂಜ್‌ನ ಆತಿಥ್ಯದ ಬೇರು ಅಲ್ಲಿದೆ.

1917ರಲ್ಲಿ ಎರಡನೇ ಮದುವೆ. ವರ ಡಾ. ಅದ್ನಾನ್. ಮದುಮಗಳು ಸಿರಿಯಾದಲ್ಲಿ, ಮದುವೆ ನಡೆದದ್ದು ಬುರ್ಸಾ ಊರಿನಲ್ಲಿ. ಮಗಳ ಪರವಾಗಿ ನಿಂತು ಒಪ್ಪಿಗೆ ಹೇಳಿದವರು ಅಪ್ಪ ಎದಿಬ್ ಬೇ. ಅದೇ ವರ್ಷ ಆಟೊಮನ್ ಸರ್ಕಾರ ಹೊಸ ಕೌಟುಂಬಿಕ ಕಾನೂನನ್ನು ತಂದಿತು. ಅದರಂತೆ ಮದುವೆಯ ಕರಾರಿನಲ್ಲೇ, ಗಂಡ ಇನ್ನೊಂದು ಮದುವೆಯಾಗಬಾರದು ಎಂಬ ಷರತ್ತನ್ನು ಹೆಣ್ಣು ಹಾಕಬಹುದಿತ್ತು. ಮೀರಿದರೆ ಇಬ್ಬರಲ್ಲಿ ಒಬ್ಬ ಹೆಂಡತಿಯ ಮದುವೆ ರದ್ದು. ಬಹುಪತ್ನಿತ್ವವನ್ನು ನಿಷೇಧಿಸುವ ಧೈರ್ಯವಿಲ್ಲದೆ ಪಕ್ಕದಿಂದ ಬಾಗಿಲು ತೆರೆದ ಕಾನೂನು. ಅದೂ 1919ರಲ್ಲಿ ಟರ್ಕಿಯಲ್ಲಿ ರದ್ದಾಯಿತು.

ಸಿರಿಯಾದ ಆ ದಿನಗಳನ್ನು ಹಲಿದೆಯ ಅಭಿಮಾನಿಗಳು ಬೇಗ ದಾಟಿಬಿಡುತ್ತಾರೆ. ಹಾಗೆ ಮಾಡಬಾರದು. ಜೆಮಾಲ್ ಪಾಷಾ ಕರೆಸಿಕೊಂಡಿದ್ದು ಶಾಲೆಗಳನ್ನು ನಡೆಸಲು. ಅದರ ಜೊತೆಗೆ ಲೆಬನಾನಿನ ಐನ್ ತೂರಾದ ಅನಾಥಾಲಯದ ಹೊಣೆಯೂ ಬಂತು. 1915ರಿಂದ ಅರ್ಮೇನಿಯನ್ನರನ್ನು ಹಳ್ಳಿಹಳ್ಳಿಯಿಂದ ಎಬ್ಬಿಸಿ ಅಟ್ಟಿ ಕೊಂದ ಮೇಲೆ ಉಳಿದ ಮಕ್ಕಳು ಅಲ್ಲಿದ್ದರು. ಕುರ್ದ್ ಮಕ್ಕಳೂ ಇದ್ದರು. ಅರ್ಮೇನಿಯನ್ ಮಕ್ಕಳಿಗೆ ಮುಸ್ಲಿಂ ಹೆಸರಿಟ್ಟು ಟರ್ಕಿಶ್ ಕಲಿಸಲಾಗುತ್ತಿತ್ತು. ಇದು ಸರಿಯಲ್ಲ ಎಂದು ತಾವು ಜೆಮಾಲ್ ಪಾಷಾನಿಗೆ ಹೇಳಿದ್ದಾಗಿ ಹಲಿದೆ ಬರೆದಿದ್ದಾರೆ. ಹೇಳಿದರು, ಆದರೆ ಕೆಲಸ ಬಿಡಲಿಲ್ಲ. 1918ರ ಆರಂಭದವರೆಗೂ ಅಲ್ಲಿದ್ದರು. ಮಕ್ಕಳಿಗೆ ಅನ್ನ, ಔಷಧ, ಸೂರು ಸಿಕ್ಕಿತು ಎಂಬುದು ನಿಜ. ತಾಯಿತಂದೆ ಇಟ್ಟ ಹೆಸರೂ ಉಳಿಯಲಿಲ್ಲ ಎಂಬುದೂ ನಿಜ. ಒಂದು ಮನೆಯೊಳಗೆ ಮಗುವಿಗೆ ಆಗುವ ನೋವನ್ನು ಅಷ್ಟು ಬಲ್ಲವರು ಇಲ್ಲಿ ಹೇಗೆ ನಿಂತರು ಎಂಬುದಕ್ಕೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ಅವರ ಸಮರ್ಥನೆ ನನಗೆ ಒಪ್ಪಿಗೆಯಾಗಿಲ್ಲ.

ಯುದ್ಧದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1919ರ ಮೇ ತಿಂಗಳಲ್ಲಿ ಗ್ರೀಕ್ ಸೈನ್ಯ ಇಜ್ಮಿರ್‌ನಲ್ಲಿ ಇಳಿದಾಗ ಇಸ್ತಾಂಬುಲ್‌ನ ಸುಲ್ತಾನಹ್ಮೆತ್ ಚೌಕದಲ್ಲಿ ಸೇರಿದ ಜನಸಾಗರದ ಎದುರು ಕರಿ ಬಟ್ಟೆ ಉಟ್ಟು ಹಲಿದೆ ಮಾತಾಡಿದರು. ಹೆಂಗಸೊಬ್ಬಳು ಹಾಗೆ ಬಯಲಲ್ಲಿ ನಿಂತು ಗಂಡಸರನ್ನು ಉದ್ದೇಶಿಸಿ ಮಾತಾಡುವುದು ಆ ಊರು ಅಷ್ಟಾಗಿ ಕಂಡದ್ದಲ್ಲ. 1920ರ ಮಾರ್ಚ್‌ನಲ್ಲಿ ಬ್ರಿಟಿಷರು ನಗರವನ್ನು ವಶಪಡಿಸಿಕೊಂಡಾಗ ಗಂಡಹೆಂಡತಿ ವೇಷ ಮರೆಸಿಕೊಂಡು ಅಂಕಾರಾಕ್ಕೆ ತಪ್ಪಿಸಿಕೊಂಡರು. ಗಂಡುಮಕ್ಕಳು ಓದಲು ಅಮೆರಿಕಕ್ಕೆ ಹೋದರು. ಸುಲ್ತಾನನ ನ್ಯಾಯಾಲಯ ಮುಸ್ತಫಾ ಕೆಮಾಲ್ ಮೊದಲಾದವರ ಜೊತೆ ಈ ದಂಪತಿಗೂ ಮರಣದಂಡನೆ ವಿಧಿಸಿತು. ಹಲಿದೆ ರಣರಂಗದ ಹಿಂದಿನ ಸಾಲಿನಲ್ಲಿ ದುಡಿದರು. ಕಾರ್ಪೊರಲ್ ಆದರು, ಮುಂದೆ ಸಾರ್ಜೆಂಟ್ ಆದರು.

ಗೆದ್ದ ಮೇಲೆ ಗೆಳೆತನ ಮುರಿಯಿತು. ಅದ್ನಾನ್ ಸೇರಿ ಕಟ್ಟಿದ ವಿರೋಧ ಪಕ್ಷವನ್ನು 1925ರಲ್ಲಿ ಮುಚ್ಚಿಸಲಾಯಿತು. ಗಂಡಹೆಂಡತಿ ದೇಶ ಬಿಟ್ಟರು. ಹದಿನಾಲ್ಕು ವರ್ಷ ಮರಳಲಿಲ್ಲ.

ಅವರು ಹೊರಗಿರುವಾಗಲೇ, 1926ರ ಫೆಬ್ರವರಿಯಲ್ಲಿ, ಟರ್ಕಿಯ ಸಂಸತ್ತು ಸ್ವಿಟ್ಜರ್ಲೆಂಡಿನ ಮಾದರಿಯ ನಾಗರಿಕ ಸಂಹಿತೆಯನ್ನು ಒಪ್ಪಿತು. ಅಕ್ಟೋಬರ್ 4ರಿಂದ ಜಾರಿ. ಒಬ್ಬನಿಗೆ ಒಬ್ಬಳೇ ಹೆಂಡತಿ. ಮದುವೆ ಸರ್ಕಾರಿ ಅಧಿಕಾರಿಯ ಮುಂದೆಯೇ ಆಗಬೇಕು. ವಿಚ್ಛೇದನಕ್ಕೆ ಇಬ್ಬರೂ ನ್ಯಾಯಾಲಯಕ್ಕೇ ಹೋಗಬೇಕು. ಆಸ್ತಿಯಲ್ಲಿ ಮಗ ಮಗಳಿಗೆ ಸಮಪಾಲು. ವಿಚಿತ್ರವೆಂದರೆ ಈ ಕಾನೂನಿನ ಹಿಂದಿದ್ದ ಮುಸ್ತಫಾ ಕೆಮಾಲ್ ಸ್ವತಃ ಹೆಂಡತಿ ಲತೀಫೆಯಿಂದ ದೂರವಾದದ್ದು 1925ರ ಆಗಸ್ಟಿನಲ್ಲಿ, ಹೊಸ ಸಂಹಿತೆಗೆ ಕೆಲವೇ ತಿಂಗಳು ಮುಂಚೆ, ಹಳೇ ವ್ಯವಸ್ಥೆ ಇರುವಾಗಲೇ. 1910ರಲ್ಲಿ ಹಲಿದೆ ಒಬ್ಬರೇ ನಿಂತು ಹಿಡಿದ ಹಟ ಹದಿನಾರು ವರ್ಷಗಳಲ್ಲಿ ದೇಶದ ಕಾನೂನಾಯಿತು. ನಮ್ಮಲ್ಲಿ ಹಿಂದೂ ಗಂಡಸಿಗೆ ಎರಡನೇ ಹೆಂಡತಿ ಬೇಡ ಎಂದು ಇಡೀ ದೇಶಕ್ಕೆ ಕಾನೂನು ಹೇಳಿದ್ದು 1955ರಲ್ಲಿ.

ಆ ಸಂಹಿತೆಯ ಒಳಗೆ ಇನ್ನೂ ಕೆಲವು ಸಾಲುಗಳಿದ್ದವು. ಸಂಸಾರದ ಯಜಮಾನ ಗಂಡ. ಎಲ್ಲಿ ವಾಸಿಸಬೇಕು ಎಂದು ತೀರ್ಮಾನಿಸುವವನು ಅವನು. ಮನೆ ನೋಡಿಕೊಳ್ಳುವುದು ಹೆಂಡತಿಯ ಕೆಲಸ. ಹೊರಗೆ ದುಡಿಯಲು ಅವಳಿಗೆ ಗಂಡನ ಒಪ್ಪಿಗೆ ಬೇಕು. ಅವಳು ಗಂಡನ ಮನೆಹೆಸರು ಹೊರಬೇಕು. ಸವತಿ ಹೋದಳು, ಯಜಮಾನ ಉಳಿದ. ಹಳ್ಳಿಗಾಡಿನಲ್ಲಂತೂ ಸವತಿಯೂ ಕೂಡಲೇ ಹೋಗಲಿಲ್ಲ. ಇಮಾಮರು ಮಾಡಿಸುವ ಮದುವೆಗಳು ಸರ್ಕಾರಿ ದಾಖಲೆಯ ಆಚೆ ನಡೆದೇ ಇದ್ದವು. ಅಂಥ ಮದುವೆಗಳಲ್ಲಿ ಹುಟ್ಟಿದ ಮಕ್ಕಳನ್ನು ಸಕ್ರಮಗೊಳಿಸಲು ಸರ್ಕಾರ ಆಗಾಗ ಬೇರೆ ಕಾನೂನು ಮಾಡಬೇಕಾಯಿತು.

ಈಗ ಮತ್ತೆ ದಿಲ್ಲಿ, 1935. ಜಾಮಿಯಾ ಆಗಿನ್ನೂ ಕರೋಲ್ ಬಾಗ್‌ನಲ್ಲಿತ್ತು. ಹಲಿದೆ ಇಲ್ಲಿ ಟರ್ಕಿಯಲ್ಲಿ ಪೂರ್ವ ಪಶ್ಚಿಮಗಳ ಘರ್ಷಣೆಯ ಬಗ್ಗೆ ಉಪನ್ಯಾಸ ಮಾಡಿ, ಊರೂರು ಸುತ್ತುತ್ತಿದ್ದ ಆ ದಿನಗಳಲ್ಲೇ ಅತ್ತ ಟರ್ಕಿಯಲ್ಲಿ ಫೆಬ್ರವರಿ 8ರಂದು ಹೆಂಗಸರೂ ಮತ ಹಾಕಿದ ಮೊದಲ ಸಂಸತ್ ಚುನಾವಣೆ ನಡೆಯಿತು. ಆ ಸಂಸತ್ತಿಗೆ ಒಟ್ಟು 18 ಮಹಿಳೆಯರು ಬಂದರು. ಹೆಣ್ಣಿನ ಹಕ್ಕಿಗಾಗಿ ಅಷ್ಟು ಮೊದಲೇ ಬರೆದವರು ಹೊರನಾಡಿನಲ್ಲಿ ಅತಿಥಿ. ಈ ಭೇಟಿಯ ಬಗ್ಗೆ 1937ರಲ್ಲಿ ಬಂದ ಅವರ ಪುಸ್ತಕದಲ್ಲಿ ದರಿಯಾಗಂಜ್‌ನ ಮನೆಯ ನೆನಪು ಅಕ್ಕರೆಯಿಂದ ತುಂಬಿದೆ. ಮನೆಯಿಲ್ಲದವರಿಗೆ ಇನ್ನೊಬ್ಬರ ಮನೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೇನೋ. ಊರು ಬಿಟ್ಟು ಬಂದು ಬಾಡಿಗೆ ಮನೆಗಳಲ್ಲಿ ಬದುಕು ಸಾಗಿಸುವ ನಮಗೆ ಇದನ್ನು ವಿವರಿಸಬೇಕಿಲ್ಲ.

ಆ ವರ್ಷವೇ ಇಂಗ್ಲಿಷಿನಲ್ಲಿ, ಮರುವರ್ಷ ಟರ್ಕಿಶ್‌ನಲ್ಲಿ ಅವರ ಅತ್ಯಂತ ಪ್ರಸಿದ್ಧ ಕಾದಂಬರಿ ಬಂತು. ಟರ್ಕಿಶ್ ಹೆಸರು ಸಿನೆಕ್ಲಿ ಬಕ್ಕಾಲ್, ಇಸ್ತಾಂಬುಲ್‌ನ ಒಂದು ಬಡ ಕೇರಿಯ ಹೆಸರು ಅದು. ನಾಯಕಿ ರಾಬಿಯಾ ಕುರಾನನ್ನು ಇಂಪಾಗಿ ಪಠಿಸುವವಳು, ಕಿರಾಣಿ ಅಂಗಡಿ ನಡೆಸುವವಳು. ಅವಳನ್ನು ಪ್ರೀತಿಸಿದ ಇಟಲಿಯ ಸಂಗೀತಗಾರ ಪೆರೆಗ್ರಿನಿ ಮತ ಬದಲಿಸಿ ಉಸ್ಮಾನ್ ಆಗುತ್ತಾನೆ. ಅಷ್ಟೇ ಅಲ್ಲ, ಅವಳ ಕೇರಿಗೇ ಬಂದು ಅವಳ ಮನೆಯಲ್ಲೇ ಸಂಸಾರ ಹೂಡುತ್ತಾನೆ. ಟರ್ಕಿಶ್‌ನಲ್ಲಿ ಮನೆಯಳಿಯನಿಗೆ ಇಚ್ ಗುವೆಯ್ಸಿ ಎನ್ನುತ್ತಾರೆ. ಹೇಗಿದ್ದೀರಿ ಎಂದರೆ, ಮನೆಯಳಿಯನಿಗಿಂತ ಒಂದು ಗುಲಗಂಜಿ ವಾಸಿ ಎಂದು ನಗುವ ರೂಢಿ ಅಲ್ಲಿದೆ. ನಮ್ಮಲ್ಲೂ ಮನೆಯಳಿಯನ ಪಾಡು ಅಷ್ಟಕ್ಕಷ್ಟೇ ತಾನೇ. ಹೆಣ್ಣು ಗಂಡನ ಮನೆಗೆ ಹೋಗುವುದೇ ನಿಯಮವಾಗಿದ್ದ ನಾಡಿನಲ್ಲಿ, ಗಂಡನನ್ನು ಹೆಣ್ಣಿನ ಮನೆಗೆ ಕರೆತಂದರು ಹಲಿದೆ. ಆ ಕಾದಂಬರಿಯನ್ನು ಜನ ಪೂರ್ವ ಪಶ್ಚಿಮಗಳ ಸಂಗಮ ಎಂದು ಓದುತ್ತಾರೆ. ನನಗೆ ಅದು ಯಾರ ಮನೆಗೆ ಯಾರು ಬಂದರು ಎಂಬ ಕಥೆ.

ಮನೆಹೆಸರಿನ ಕಾನೂನು ಬಂದದ್ದು 1934ರಲ್ಲಿ. ಅದರ ನಂತರ ಅದ್ನಾನ್ ಆರಿಸಿಕೊಂಡ ಹೆಸರು ಅದಿವಾರ್. ಹೆಸರು ಇದೆ ಎಂಬುದು ಅದರ ಅರ್ಥ. ಹೀಗೆ ಅವರು ಮೊದಲು ಹಲಿದೆ ಸಾಲಿಹ್, ಆಮೇಲೆ ಹಲಿದೆ ಎದಿಬ್, ಕೊನೆಗೆ ಹಲಿದೆ ಎದಿಬ್ ಅದಿವಾರ್. ಗಂಡ, ಅಪ್ಪ, ಮತ್ತೊಬ್ಬ ಗಂಡ.

ಅತಾತುರ್ಕ್ ತೀರಿಕೊಂಡ ಮರುವರ್ಷ, 1939ರಲ್ಲಿ, ದಂಪತಿ ಊರಿಗೆ ಮರಳಿದರು. ಹಲಿದೆ ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆಯಾದರು. 1950ರಿಂದ ನಾಲ್ಕು ವರ್ಷ ಇಜ್ಮಿರ್‌ನಿಂದ ಸಂಸದೆ. ಅದ್ನಾನ್ 1955ರಲ್ಲಿ ಹೋದರು. ಎಲ್ಲಿ ಹೋದರೂ ಜೊತೆಗಿದ್ದ, ಮೂವತ್ತೆಂಟು ವರ್ಷ ಬಾಳಿದ ಮದುವೆ ಅದು.

ಹೆಂಡತಿ ದುಡಿಯಲು ಗಂಡನ ಒಪ್ಪಿಗೆ ಬೇಕು ಎಂಬ ಸಾಲನ್ನು ಟರ್ಕಿಯ ಸಂವಿಧಾನ ನ್ಯಾಯಾಲಯ ಹೊಡೆದುಹಾಕಿದ್ದು 1990ರಲ್ಲಿ. ಗಂಡನೇ ಯಜಮಾನ ಎಂಬುದು ಹೋದದ್ದು 2002ರ ಜನವರಿ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ. ಗಂಡನ ಮನೆಹೆಸರು ಹೊರಲೇಬೇಕು ಎಂಬುದನ್ನು ಅದೇ ನ್ಯಾಯಾಲಯ ರದ್ದು ಮಾಡಿದ್ದು 2023ರಲ್ಲಿ.

ಇವು ಯಾವುವನ್ನೂ ನೋಡಲು ಹಲಿದೆ ಇರಲಿಲ್ಲ. ಅವರು ತೀರಿಕೊಂಡದ್ದು 1964ರ ಜನವರಿ 9ರಂದು. ಅದರ ಹಿಂದಿನ ವರ್ಷ ನೆನಪಿನ ಮೊದಲ ಭಾಗ ಟರ್ಕಿಶ್‌ನಲ್ಲಿ ಪುಸ್ತಕವಾಗಿ ಬಂದಿತ್ತು. ಎಂಬತ್ತರ ಹತ್ತಿರದ ವಯಸ್ಸು. ಬಾಳಿನಲ್ಲಿ ಕಂಡ ಮನೆಗಳು ಎಷ್ಟೋ. ಗಣಿತ ಮೇಷ್ಟ್ರ ಮನೆ, ಅಂಕಾರಾದ ಬಿಡಾರ, ಲಂಡನ್ ಮತ್ತು ಪ್ಯಾರಿಸ್ಸಿನ ಬಾಡಿಗೆ ಮನೆಗಳು, ದರಿಯಾಗಂಜ್‌ನ ಅತಿಥಿಗೃಹ, ಎದುರುಬದುರು ಕೋಣೆಗಳ ಅಪ್ಪನ ಮನೆ. ಪುಸ್ತಕಕ್ಕೆ ಅವರು ಇಟ್ಟ ಹೆಸರು ಮೋರ್ ಸಾಲ್ಕಿಮ್ಲಿ ಏವ್. ನೇರಳೆ ಹೂಗೊಂಚಲಿನ ಮನೆ, ಅಂದರೆ ಬೆಶಿಕ್ತಾಶ್‌ನ ಆ ಅಜ್ಜಿಯ ಮನೆ.